ಬಚ್ಚಲುಮನೆಯಲ್ಲಿ ಬರುವ ಮೂರ್ಛೆ

ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ಬೆಳೆದವರಿಗೆ ಶನಿವಾರದ ಎಣ್ಣೆನೀರಿನ ಸಡಗರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮದ್ದೂರಿನ ಹತ್ತಿರದ ನಮ್ಮಜ್ಜಿಯ ಊರಿನಲ್ಲಿ ಅಂದು ಬೆಳಗಿನಿಂದಲೇ ಪ್ರತಿ ಮನೆಯ ಬಚ್ಚಲಿನಿಂದಲೂ ಹೊಗೆ ಏಳುತ್ತಿತ್ತು. ತಾಮ್ರದ ಹಂಡೆಯ ಕೆಳಗೆ ಕಬ್ಬಿನ ತರಗು, ತೆಂಗಿನ ಮಟ್ಟೆ, ಕರಟ. ಮಕ್ಕಳ ನೆತ್ತಿಗೆ ಹರಳೆಣ್ಣೆ ತಟ್ಟಿ, ಬಿಸಿಲಲ್ಲಿ ಕೂರಿಸಿ, ಆಮೇಲೆ ಸೀಗೆಪುಡಿ ಹಿಡಿದುಕೊಂಡು ಅಜ್ಜಿ ಕರೆಯುತ್ತಿದ್ದಳು. ನೀರು ಮೈಗೆ ಚುರುಕ್ ಎನ್ನಬೇಕು; ಚೊಂಬಿನ ಹಿಂದೆ ಚೊಂಬು, ಮಗುವಿಗೆ ಉಸಿರಾಡಲೂ ಬಿಡುವು ಕೊಡದಂತೆ ಸುರಿಯಬೇಕು. ಹಾಗಾದರೇ ಎಣ್ಣೆ ಬಿಡುವುದು, ಮೈ ಹಗುರಾಗುವುದು ಎಂಬುದು ಅವಳ ಸಿದ್ಧಾಂತ.

1988ರ ಸುಮಾರಿನಲ್ಲಿ, ನಾನು ಮೂರನೇ ತರಗತಿಯಲ್ಲಿದ್ದಾಗ, ಅಂಥದೇ ಒಂದು ಶನಿವಾರ ನನ್ನ ಸೋದರತ್ತೆಯ ಮಗ ಬಚ್ಚಲಿನಲ್ಲಿ ಬಿದ್ದ. ಅವನ ಹೆಸರು ಇಲ್ಲಿ ಬೇಡ. ನನಗಿಂತ ಒಂದು ವರ್ಷ ದೊಡ್ಡವನು. ಬೀಳುವುದಕ್ಕೆ ಮುಂಚೆ ಅವನು ನಡೆದುಕೊಂಡ ರೀತಿ ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದೆ. ಮೂರು ನಾಲ್ಕು ಚೊಂಬು ಆಗುವ ಹೊತ್ತಿಗೆ ಅವನ ದೃಷ್ಟಿ ಗೋಡೆಯ ಮೇಲೆ ನೆಟ್ಟುಹೋಯಿತು. ಅರ್ಥವಿಲ್ಲದ ಏನನ್ನೋ ಗೊಣಗಿದ. ಅತ್ತೆ ನಿಲ್ಲಿಸಿದರೆ ತಾನೇ ಚೊಂಬು ಕಿತ್ತುಕೊಂಡು ತಲೆಗೆ ಇನ್ನಷ್ಟು ಸುರಿದುಕೊಂಡ. ಆಮೇಲೆ ಕೈಕಾಲು ಸೆಟೆದು ಕಲ್ಲಿನ ಮೇಲೆ ಉರುಳಿದ. ಯಾರೋ ಕಬ್ಬಿಣದ ಬೀಗದಕೈ ತಂದು ಅವನ ಮುಷ್ಟಿಯಲ್ಲಿಟ್ಟರು. ಎರಡು ನಿಮಿಷದಲ್ಲಿ ಎಚ್ಚರವಾಯಿತು. ಬೀಗದಕೈ ಕೆಲಸ ಮಾಡಿತು ಎಂದು ಎಲ್ಲರೂ ತೀರ್ಮಾನಿಸಿದರು. ಎರಡು ನಿಮಿಷದಲ್ಲಿ ಅದು ತಾನಾಗಿಯೇ ನಿಲ್ಲುತ್ತಿತ್ತು ಎಂಬುದು ಯಾರಿಗೂ ಗೊತ್ತಿರಲಿಲ್ಲ.

ಮುಂದಿನ ಎರಡು ವರ್ಷ ಆ ಮನೆಯವರು ಪಟ್ಟ ಪಾಡು ದೊಡ್ಡದು. ಬಚ್ಚಲಿನಲ್ಲಿ ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿದರು, ಹರಕೆ ಹೊತ್ತರು. ಒಬ್ಬ ವೈದ್ಯರು, ಸ್ನಾನ ತಪ್ಪಿಸಿಕೊಳ್ಳಲು ಹುಡುಗ ಆಟ ಕಟ್ಟುತ್ತಿದ್ದಾನೆ ಎಂದರು. ಕೊನೆಗೆ ಹೆದರಿ ತಿಂಗಳುಗಟ್ಟಲೆ ತಲೆಗೆ ನೀರನ್ನೇ ಹಾಕಲಿಲ್ಲ. ತಲೆಯಲ್ಲಿ ಹೇನು, ಹುಣ್ಣು. ಶಾಲೆಯಲ್ಲಿ ಪಕ್ಕ ಕೂರುವವರಿಲ್ಲ. ಅಂತೂ ಬೆಂಗಳೂರಿಗೆ ಕರೆದೊಯ್ದಾಗ ಅಲ್ಲಿನ ವೈದ್ಯರು ಕೇಳಿದ್ದು ಎರಡೇ ಪ್ರಶ್ನೆ ಎಂದು ಅತ್ತೆ ಆಮೇಲೆ ಎಷ್ಟೋ ಸಲ ಹೇಳುತ್ತಿದ್ದರು.

“ಯಾವಾಗ ಬರುತ್ತೆ ತಾಯಿ?”

“ತಲೆ ಮೇಲೆ ನೀರು ಉಯ್ದಾಗ ಮಾತ್ರ ಸ್ವಾಮಿ.”

“ಬಿಸಿನೀರೋ, ತಣ್ಣೀರೋ?”

ಅತ್ತೆಗೆ ಅಲ್ಲಿಯೇ ಅಳು ಬಂತಂತೆ. ಈ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ಆ ವೈದ್ಯರಿಗೆ ಇಂಥ ಪ್ರಶ್ನೆ ಹೊಳೆದದ್ದು ಹೇಗೆ? ಅದಕ್ಕೊಂದು ಚರಿತ್ರೆಯಿದೆ. ಅದರಲ್ಲಿ ನಮ್ಮ ನಾಡಿಗೂ ಒಂದು ಪಾಲಿದೆ.

ಮೂರ್ಛೆರೋಗ ಮನುಷ್ಯನಿಗೆ ಹೊಸದಲ್ಲ. ಚರಕಸಂಹಿತೆಯಲ್ಲಿ ಅದು ಅಪಸ್ಮಾರ. ನಟರಾಜನ ಪಾದದಡಿ ಬಿದ್ದಿರುವ ಕುಳ್ಳನ ಹೆಸರೂ ಅದೇ. ಮುಂದಿನ ಸಲ ದೇವಸ್ಥಾನಕ್ಕೆ ಹೋದಾಗ ನೋಡಿ. ಗ್ರೀಸಿನಲ್ಲಿ ಹಿಪಾಕ್ರಟೀಸನ ಹೆಸರಿನಲ್ಲಿ ಉಳಿದಿರುವ ಗ್ರಂಥವೊಂದು, ಜನ ಇದನ್ನು ಪವಿತ್ರ ರೋಗವೆಂದು ಕರೆದರೂ ಇದರ ನೆಲೆ ಇರುವುದು ಮೆದುಳಿನಲ್ಲಿ ಎಂದು ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ವಾದಿಸಿತು. ಮೆದುಳಿನ ನರಕೋಶಗಳು ಸಣ್ಣ ವಿದ್ಯುತ್ ಸಂಕೇತಗಳ ಮೂಲಕ ಮಾತನಾಡಿಕೊಳ್ಳುತ್ತವೆ. ಲಕ್ಷಾಂತರ ಕೋಶಗಳು ಒಟ್ಟಿಗೇ, ಲಯ ತಪ್ಪಿ, ಹದ್ದುಮೀರಿ ಸಂಕೇತ ಹೊರಡಿಸಿದಾಗ ಮೂರ್ಛೆ ಬರುತ್ತದೆ. ಬಹುಪಾಲು ರೋಗಿಗಳಲ್ಲಿ ಅದು ಯಾವಾಗ ಬರುತ್ತದೆಂದು ಹೇಳಲಾಗದು. ಕೆಲವರಲ್ಲಿ ಮಾತ್ರ ನಿರ್ದಿಷ್ಟ ಪ್ರಚೋದನೆಯೊಂದು ಗುಂಡಿ ಒತ್ತಿದ ಹಾಗೆ ಅದನ್ನು ಚಾಲೂ ಮಾಡುತ್ತದೆ. ಇದನ್ನು ಪ್ರಚೋದಿತ ಮೂರ್ಛೆ ಎನ್ನೋಣ.

ಟೆಲಿವಿಷನ್ನಿನಲ್ಲಿ ಕೆಲಸ ಮಾಡುವ ನನ್ನಂಥವರಿಗೆ ಇದರ ಒಂದು ಉದಾಹರಣೆ ಸದಾ ಎಚ್ಚರಿಕೆಯಾಗಿ ನಿಂತಿದೆ. 1997ರ ಡಿಸೆಂಬರ್ 16ರ ಸಂಜೆ ಜಪಾನಿನಲ್ಲಿ ಪೋಕೆಮಾನ್ ಎಂಬ ಕಾರ್ಟೂನಿನ ಒಂದು ಕಂತು ಪ್ರಸಾರವಾಯಿತು. ಅದರಲ್ಲಿ ಕೆಲವು ಸೆಕೆಂಡುಗಳ ಕಾಲ ಕೆಂಪು ಮತ್ತು ನೀಲಿ ಬೆಳಕು ಅತಿವೇಗವಾಗಿ ಮಿನುಗಿತು. ಆರುನೂರಕ್ಕೂ ಹೆಚ್ಚು ಮಂದಿಯನ್ನು, ಹೆಚ್ಚಾಗಿ ಮಕ್ಕಳನ್ನು, ಆಸ್ಪತ್ರೆಗೆ ಸಾಗಿಸಬೇಕಾಯಿತು. ಆ ಮಕ್ಕಳ ಮೆದುಳಿಗೆ ಪ್ರಚೋದನೆ ಮಿನುಗುವ ಬೆಳಕು. ನಮ್ಮ ಹುಡುಗನಿಗೆ ನೆತ್ತಿಯ ಮೇಲೆ ಬೀಳುವ ಬಿಸಿನೀರು.

ಬಿಸಿನೀರಿನ ಮೂರ್ಛೆಯನ್ನು ವೈದ್ಯ ಸಾಹಿತ್ಯದಲ್ಲಿ ಮೊದಲು ದಾಖಲಿಸಿದ್ದು 1945ರಲ್ಲಿ, ನ್ಯೂಜಿಲೆಂಡಿನ ಅಲೆನ್ ಎಂಬ ವೈದ್ಯರು. ಅಂಥದು ಅಪರೂಪದಲ್ಲಿ ಅಪರೂಪ ಎಂದೇ ಜಗತ್ತು ಭಾವಿಸಿತ್ತು. 1968ರಲ್ಲಿ ಬೆಂಗಳೂರಿನ ನರರೋಗ ತಜ್ಞ ಡಾ. ಕೆ. ಎಸ್. ಮಣಿ ಮತ್ತು ಅವರ ಸಂಗಡಿಗರು ಭಾರತದ ನರವಿಜ್ಞಾನ ಪತ್ರಿಕೆಯಲ್ಲಿ ಇದರ ಬಗ್ಗೆ ಒಂದು ಪ್ರಾಥಮಿಕ ವರದಿ ಪ್ರಕಟಿಸಿದರು. 1972ರಲ್ಲಿ ಅವರ ಬಳಿ 60 ರೋಗಿಗಳ ವಿವರವಿತ್ತು, 1974ರಲ್ಲಿ 108. ಹೊರದೇಶಗಳಲ್ಲಿ ಒಂದೊಂದಾಗಿ ಎಣಿಸುತ್ತಿದ್ದ ಕಾಯಿಲೆ ಇಲ್ಲಿ ನೂರರ ಲೆಕ್ಕದಲ್ಲಿ ಸಿಗುತ್ತಿತ್ತು! ಅದೇ 1974ರಲ್ಲಿ ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಹಳೆಯ ಮಾನಸಿಕ ಆಸ್ಪತ್ರೆಯೂ ಒಂದುಗೂಡಿ ನಿಮ್ಹಾನ್ಸ್ ಆಯಿತು. ಅಲ್ಲಿಯ ಡಾ. ಪಿ. ಸತೀಶ್‌ಚಂದ್ರ ಮತ್ತು ಸಂಗಡಿಗರು 1988ರಲ್ಲಿ 279 ರೋಗಿಗಳ ಅಧ್ಯಯನವನ್ನು ಅಂತರರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಆಮೇಲೆ ಟರ್ಕಿಯಿಂದಲೂ ಜಪಾನಿನಿಂದಲೂ ವರದಿಗಳು ಬಂದವು. ಆದರೂ ಈ ಕಾಯಿಲೆಯ ಮಾತು ಬಂದರೆ ಜಗತ್ತಿನ ನರತಜ್ಞರು ಮೊದಲು ನೆನೆಯುವುದು ದಕ್ಷಿಣ ಕರ್ನಾಟಕವನ್ನೇ.

ಇಲ್ಲಿಯೇ ಯಾಕೆ? ವಿಜ್ಞಾನದ ವಿದ್ಯಾರ್ಥಿಯಾಗಿದ್ದ ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಹಿಡಿಸಿದ ಭಾಗ ಇದು. ಮೊದಲನೆಯ ಉತ್ತರ ನಮ್ಮ ಬಚ್ಚಲಿನಲ್ಲೇ ಇದೆ. ನಲವತ್ತರಿಂದ ಐವತ್ತು ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರನ್ನು ಚೊಂಬಿನಿಂದ ನೇರವಾಗಿ ನೆತ್ತಿಗೆ, ಬೇಗಬೇಗನೆ ಸುರಿಯುವುದು ನಮ್ಮ ಪದ್ಧತಿ. ಅದೂ ದಿನವೂ ಅಲ್ಲ, ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ. ಅದೇ ಬಿಸಿನೀರನ್ನು ಮೈಗೆ ಮಾತ್ರ ಹಾಕಿಕೊಂಡರೆ ಈ ರೋಗಿಗಳಲ್ಲಿ ಬಹುಮಂದಿಗೆ ಏನೂ ಆಗುವುದಿಲ್ಲ. ತಲೆಸ್ನಾನದ ಹೊತ್ತಿನಲ್ಲಿ ಕಿವಿಯ ತಮಟೆಯ ಉಷ್ಣತೆಯನ್ನು ಅಳೆದು ನೋಡಿದಾಗ ಅದು ಕೆಲವೇ ನಿಮಿಷಗಳಲ್ಲಿ ಎರಡು ಮೂರು ಡಿಗ್ರಿ ಏರುವುದು ಕಂಡಿತು. ಕಿವಿಯ ತಮಟೆ ಮೆದುಳಿಗೆ ಬಲು ಸಮೀಪ, ಆದ್ದರಿಂದ ಈ ಅಳತೆ. ನಮ್ಮ ಮೆದುಳಿನಲ್ಲಿ ಹೈಪೊಥಲಾಮಸ್ ಎಂಬ ಚಿಕ್ಕ ಭಾಗ ಶರೀರದ ತಾಪವನ್ನು ಹತೋಟಿಯಲ್ಲಿಡುತ್ತದೆ. ಈ ಮಕ್ಕಳಲ್ಲಿ ತಾಪದ ದಿಢೀರ್ ಏರಿಕೆಯನ್ನು ಸಂಭಾಳಿಸುವ ಆ ವ್ಯವಸ್ಥೆಯಲ್ಲೇ ಏನೋ ಕೊರತೆಯಿದೆ ಎಂಬುದು ಸಂಶೋಧಕರ ಊಹೆ. ಇಲಿಗಳಿಗೆ ಮತ್ತೆಮತ್ತೆ ಬಿಸಿನೀರಿನ ಸ್ನಾನ ಮಾಡಿಸಿದಾಗ ಅವಕ್ಕೂ ಮೂರ್ಛೆ ಬಂತು. ಅಷ್ಟೇ ಅಲ್ಲ, ಸಲದಿಂದ ಸಲಕ್ಕೆ ಅದು ಹೆಚ್ಚು ಸುಲಭವಾಗಿ ಬರತೊಡಗಿತು. ಒಣ ತರಗಿಗೆ ಕಿಡಿ ತಗುಲಿಸುತ್ತಲೇ ಇದ್ದರೆ ಒಂದು ದಿನ ಹೊತ್ತಿಕೊಳ್ಳುವ ಹಾಗೆ. ಮಕ್ಕಳಲ್ಲೂ ಹಾಗೆಯೇ ಆಗಬಹುದು. ಆರಂಭದಲ್ಲಿ ಸ್ನಾನದಲ್ಲಿ ಮಾತ್ರ ಬರುತ್ತಿದ್ದ ಮೂರ್ಛೆ, ಕೆಲವರಿಗೆ ಒಂದೆರಡು ವರ್ಷಗಳ ಮೇಲೆ ಸ್ನಾನವಿಲ್ಲದೆಯೂ ಬರತೊಡಗುತ್ತದೆ. ಆದ್ದರಿಂದಲೇ ಬೇಗ ಗುರುತಿಸುವುದು ಮುಖ್ಯ.

ಗುರುತಿಸುವುದು ಮೇಲುನೋಟಕ್ಕೆ ಸುಲಭವೂ ಅಲ್ಲ. ಸ್ನಾನವಿಲ್ಲದ ಹೊತ್ತಿನಲ್ಲಿ ತೆಗೆದ ಇ.ಇ.ಜಿ., ಅಂದರೆ ಮೆದುಳಿನ ವಿದ್ಯುತ್ತಿನ ರೇಖಾಚಿತ್ರ, ಬಹುಪಾಲು ಮಕ್ಕಳಲ್ಲಿ ಸಹಜವಾಗಿಯೇ ಕಾಣುತ್ತದೆ. ಎಲ್ಲರೂ ಸೆಟೆದು ಬೀಳುವುದೂ ಇಲ್ಲ. ಹೆಚ್ಚಿನವರು ದಿಟ್ಟಿಸಿ ನೋಡುತ್ತಾರೆ, ಏನೇನೋ ಆಡುತ್ತಾರೆ, ಕರೆದರೆ ಓಗೊಡುವುದಿಲ್ಲ. ಇನ್ನು ಕೆಲವರು, ನಮ್ಮ ಅತ್ತೆಯ ಮಗನ ಹಾಗೆ, ನೀರನ್ನು ಸುರಿದುಕೊಳ್ಳುತ್ತಲೇ ಇರುತ್ತಾರೆ. ಆ ಕ್ಷಣದಲ್ಲಿ ಅವರಿಗೆ ಒಂದು ಬಗೆಯ ಸುಖವೂ ಆಗುತ್ತದಂತೆ. ಮನೆಯವರು ಇದನ್ನು ಮೊಂಡುತನವೆಂದು ತಿಳಿದು ಬೆನ್ನಿಗೆ ಎರಡು ಕೊಡುತ್ತಾರೆ. ಕಾಯಿಲೆಯ ಚಿಹ್ನೆಗೇ ಪೆಟ್ಟು ಬೀಳುವ ಪರಿ ಇದು. ಹುಡುಗಿಯರಿಗಿಂತ ಹುಡುಗರಲ್ಲಿ ಇದು ಬಹಳ ಹೆಚ್ಚು.

ಬರೀ ಬಿಸಿನೀರೇ ಕಾರಣವಾಗಿದ್ದರೆ ನಮ್ಮಜ್ಜಿಯ ಕೈಗೆ ಸಿಕ್ಕ ಹತ್ತೂ ಮೊಮ್ಮಕ್ಕಳಿಗೆ ಮೂರ್ಛೆ ಬರಬೇಕಿತ್ತು. ಬಂದದ್ದು ಒಬ್ಬನಿಗೆ. ಎರಡನೆಯ ಉತ್ತರವನ್ನು ಅನುವಂಶೀಯತೆಯಲ್ಲಿ ಹುಡುಕಬೇಕು. ಕೆಲವು ಕುಟುಂಬಗಳಲ್ಲಿ ತಂದೆ, ಮಗ, ಚಿಕ್ಕಪ್ಪ, ಮೊಮ್ಮಗಳು ಹೀಗೆ ತಲೆಮಾರಿನಿಂದ ತಲೆಮಾರಿಗೆ ಇದು ಕಾಣಿಸಿಕೊಳ್ಳುವುದನ್ನು ನಿಮ್ಹಾನ್ಸ್‌ನವರು ಗಮನಿಸಿದ್ದರು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಪ್ರೊ. ಅನುರಂಜನ್ ಆನಂದ್ ಅವರ ತಂಡ ಇಂಥ ಕುಟುಂಬಗಳ ರಕ್ತದ ಮಾದರಿಗಳನ್ನು ಪರೀಕ್ಷಿಸಿತು. 2009ರಲ್ಲಿ ಅವರು ಎರಡು ಬೇರೆಬೇರೆ ಕುಟುಂಬಗಳ ಅಧ್ಯಯನದಿಂದ 10ನೇ ಮತ್ತು 4ನೇ ವರ್ಣತಂತುಗಳ ಮೇಲೆ ಸಂಶಯದ ಎರಡು ತಾಣಗಳನ್ನು ಗುರುತಿಸಿದರು. 2017ರಲ್ಲಿ 9ನೇ ವರ್ಣತಂತುವಿನ ಮೇಲಿನ ಎಸ್‌ಎಲ್‌ಸಿ1ಎ1 ಎಂಬ ಜೀನಿನಲ್ಲಿ ಅಪರೂಪದ ವ್ಯತ್ಯಾಸಗಳು ಕಂಡವು. ನರಕೋಶಗಳ ನಡುವೆ ಗ್ಲುಟಮೇಟ್ ಎಂಬ ಉದ್ರೇಕಕಾರಿ ರಾಸಾಯನಿಕ ಸ್ರವಿಸುತ್ತದೆ. ಕೆಲಸ ಮುಗಿದ ಕೂಡಲೇ ಅದನ್ನು ಒಳಗೆಳೆದುಕೊಂಡು ಜಾಗ ಶುಚಿಮಾಡುವ ಪ್ರೋಟೀನುಗಳಲ್ಲಿ ಒಂದನ್ನು ತಯಾರಿಸುವುದು ಈ ಜೀನು. ಜಾಡಮಾಲಿ ರಜೆ ಹಾಕಿದರೆ ಬೀದಿಯ ಗತಿ ಏನಾಗುತ್ತದೆ, ಯೋಚಿಸಿ.

ನಿಮ್ಮಲ್ಲಿ ಕೆಲವರು ಕೇಳಬಹುದು: ಹಾಗಾದರೆ ಇದು ಸಂಬಂಧದೊಳಗೆ ಮದುವೆಯಾಗುವುದರ ಫಲವೇ? ನಮ್ಮ ಜಿಲ್ಲೆಯಲ್ಲಿ ಅಕ್ಕನ ಮಗಳನ್ನು ತಂದುಕೊಳ್ಳುವುದು ಹಳೆಯ ವಾಡಿಕೆ, ಆದ್ದರಿಂದ ಈ ಪ್ರಶ್ನೆ ಸಹಜ. ಆದರೆ ಉತ್ತರವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೇಲೆ ಹೇಳಿದ ಕುಟುಂಬಗಳಲ್ಲಿ ಬಿಸಿನೀರಿನ ಮೂರ್ಛೆ ಪ್ರಬಲ ಗುಣದಂತೆ ಹರಿದುಬಂದಿದೆ. ತಂದೆತಾಯಿಗಳಲ್ಲಿ ಒಬ್ಬರಿಂದ ಬಂದ ಒಂದೇ ಪ್ರತಿ ಸಾಕು. ಇದಕ್ಕೆ ರಕ್ತಸಂಬಂಧದ ಮದುವೆಯ ಅಗತ್ಯವಿಲ್ಲ. ಆದರೆ ಮಕ್ಕಳ ಮೆದುಳನ್ನು ಕೆಡಿಸುವ ಚಯಾಪಚಯ ದೋಷಗಳ ಮಾತು ಬೇರೆ. ಅವುಗಳಲ್ಲಿ ಹೆಚ್ಚಿನವು ದುರ್ಬಲ ಗುಣಗಳು. ತಾಯಿಯಿಂದ ಒಂದು, ತಂದೆಯಿಂದ ಒಂದು, ಎರಡೂ ದೋಷಯುಕ್ತ ಪ್ರತಿಗಳು ಸೇರಿದರೆ ಮಾತ್ರ ಮಗು ರೋಗಿಯಾಗುತ್ತದೆ. ಒಂದೇ ಮನೆತನದೊಳಗೆ ಮದುವೆಯಾದಾಗ ಹೀಗೆ ಸೇರುವ ಸಂಭವ ಹೆಚ್ಚು.

ಇದರಲ್ಲೂ ಕರ್ನಾಟಕದ್ದೊಂದು ದೊಡ್ಡ ಕೆಲಸವಿದೆ. ಫಿನೈಲ್‌ಕೀಟೋನೂರಿಯ ಎಂಬ ದೋಷವನ್ನು 1934ರಲ್ಲಿ ನಾರ್ವೆಯ ಫೋಲಿಂಗ್ ಎಂಬ ವೈದ್ಯರು ಗುರುತಿಸಿದ್ದರು. 1950ರ ದಶಕದಲ್ಲಿ ಅದಕ್ಕೆ ತಕ್ಕ ಪಥ್ಯದ ಆಹಾರ ಬಂತು. 1960ರ ದಶಕದಲ್ಲಿ ಅಮೆರಿಕದ ಗಥ್ರಿಯವರು ಹಸುಗೂಸಿನ ಹಿಮ್ಮಡಿಯಿಂದ ಒಂದೆರಡು ತೊಟ್ಟು ರಕ್ತ ತೆಗೆದು ಕಾಗದಕ್ಕೆ ಅಂಟಿಸಿ ಪರೀಕ್ಷಿಸುವ ವಿಧಾನವನ್ನು ಬಳಕೆಗೆ ತಂದರು. 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು ಬೆಂಗಳೂರು, ಮೈಸೂರುಗಳ ಹೆರಿಗೆ ಆಸ್ಪತ್ರೆಗಳಲ್ಲಿ ಹುಟ್ಟಿದ ಸುಮಾರು ಒಂದು ಲಕ್ಷ ಶಿಶುಗಳ ರಕ್ತವನ್ನು ಹೀಗೆ ಪರೀಕ್ಷಿಸಿದರು. ಆ ಶಿಶುಗಳ ತಂದೆತಾಯಿಗಳಲ್ಲಿ ಮೂರನೇ ಒಂದು ಭಾಗದಷ್ಟು ಮಂದಿ ರಕ್ತಸಂಬಂಧಿಗಳು. ಅವರೊಳಗೆ ಸೋದರಮಾವ ಮತ್ತು ಸೊಸೆಯ ಜೋಡಿಗಳೇ ಹೆಚ್ಚು. ಇಂಥ ಕಾಯಿಲೆಗಳಲ್ಲಿ ಕೆಲವಕ್ಕೆ ಪಥ್ಯವೇ ಮದ್ದು, ಆದರೆ ಅದನ್ನು ಹುಟ್ಟಿದ ಕೆಲವೇ ವಾರಗಳಲ್ಲಿ ಶುರುಮಾಡಬೇಕು. ಇನ್ನು ಕೆಲವಕ್ಕೆ ಕಿಣ್ವವನ್ನೇ ಹೊರಗಿನಿಂದ ಕೊಡಬೇಕು. ಆ ಔಷಧಿಯ ಬೆಲೆ ಸಾಮಾನ್ಯ ಕುಟುಂಬದ ಕಲ್ಪನೆಗೂ ಮೀರಿದ್ದು. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಇದಕ್ಕಾಗಿ ಗೊತ್ತುಮಾಡಿದ ಕೇಂದ್ರಗಳ ಪೈಕಿ ಬೆಂಗಳೂರಿನ ಮಾನವ ಅನುವಂಶೀಯತಾ ಕೇಂದ್ರ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಸೇರಿವೆ. 2022ರಲ್ಲಿ ಒಬ್ಬ ರೋಗಿಗೆ ಕೊಡುವ ನೆರವಿನ ಮಿತಿಯನ್ನು 50 ಲಕ್ಷ ರೂಪಾಯಿಗೆ ಏರಿಸಲಾಯಿತು. ಜೀವನಪೂರ್ತಿ ಬೇಕಾಗುವ ಔಷಧಿಗೆ ಅದು ಎಷ್ಟು ಕಾಲ ಸಾಕಾದೀತು ಎಂಬುದನ್ನು ಆ ಮಕ್ಕಳ ತಂದೆತಾಯಿಗಳು ಲೆಕ್ಕ ಹಾಕುತ್ತಲೇ ಇರುತ್ತಾರೆ.

ಅದರ ಪಕ್ಕದಲ್ಲಿ ನಮ್ಮ ಬಿಸಿನೀರಿನ ಮೂರ್ಛೆಯ ಚಿಕಿತ್ಸೆಯನ್ನು ಇಟ್ಟು ನೋಡಿ. ಉಗುರುಬೆಚ್ಚಗಿನ ನೀರು ಬಳಸುವುದು, ನೆತ್ತಿಗೆ ಒಂದೇ ಸಮನೆ ಸುರಿಯದಿರುವುದು ಮೊದಲ ಕ್ರಮ. ಬಹಳ ಮಕ್ಕಳಿಗೆ ಇಷ್ಟೇ ಸಾಕಾಗುತ್ತದೆ. ಸಾಲದಿದ್ದವರಿಗೆ, ತಲೆಸ್ನಾನದ ದಿನ ಮಾತ್ರ, ಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮುಂಚೆ ಕ್ಲೋಬಜಾಮ್ ಎಂಬ ಮಾತ್ರೆಯನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ ಕೊಡುವ ಪದ್ಧತಿಯನ್ನು ನಿಮ್ಹಾನ್ಸ್ ರೂಢಿಗೆ ತಂದಿತು. ಸ್ನಾನವಿಲ್ಲದೆಯೂ ಮೂರ್ಛೆ ಬರುವವರಿಗೆ ಮಾತ್ರ ದಿನವೂ ಔಷಧಿ. ಅಂಥ ಔಷಧಿಯನ್ನು ವೈದ್ಯರನ್ನು ಕೇಳದೆ ಒಂದು ದಿನವೂ ಬಿಡಬಾರದು. ಬಿಟ್ಟರೆ ಮೂರ್ಛೆ ಮೊದಲಿಗಿಂತ ಜೋರಾಗಿ ಮರುಕಳಿಸಬಹುದು. ಕಣ್ಣೆದುರು ಯಾರಿಗಾದರೂ ಮೂರ್ಛೆ ಬಂದರೆ ಬೀಗದಕೈ, ಈರುಳ್ಳಿ, ಚಪ್ಪಲಿ ಹುಡುಕಬೇಡಿ. ಒಲೆ, ಹಂಡೆಗಳಿಂದ ದೂರ ಸರಿಸಿ ಒಂದು ಮಗ್ಗುಲಿಗೆ ಹೊರಳಿಸಿ, ಬಾಯಿಗೆ ಏನನ್ನೂ ತುರುಕಬೇಡಿ, ಗಡಿಯಾರ ನೋಡಿಕೊಳ್ಳಿ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಹೊರಡಬೇಕು.

ಚಿಕಿತ್ಸೆ ಗೊತ್ತಾದ ಮಾತ್ರಕ್ಕೆ ಅದು ಹಳ್ಳಿ ತಲುಪುವುದಿಲ್ಲ ಎಂಬುದನ್ನು ಅರಿತಿದ್ದವರು ಮಣಿಯವರು. ಮಳವಳ್ಳಿಯಿಂದ ಹೊರಟು, ಶಿವನಸಮುದ್ರದ ಬಳಿ ಕಾವೇರಿ ದಾಟಿ, ಕೊಳ್ಳೇಗಾಲದ ಮೇಲೆ ಹೋದರೆ ಯಳಂದೂರು ಸಿಗುತ್ತದೆ. ಈಗ ಅದು ಚಾಮರಾಜನಗರ ಜಿಲ್ಲೆಗೆ ಸೇರಿದೆ; 1997ರವರೆಗೆ ಮೈಸೂರು ಜಿಲ್ಲೆಯಲ್ಲಿತ್ತು. ಆ ಪುಟ್ಟ ತಾಲ್ಲೂಕಿನಲ್ಲಿ ಮಣಿಯವರ ತಂಡ ಮನೆಮನೆಗೆ ಹೋಗಿ ಸುಮಾರು 65 ಸಾವಿರ ಜನರನ್ನು ವಿಚಾರಿಸಿತು. ಅಲ್ಲಿ ಬಿಸಿನೀರಿನ ಮೂರ್ಛೆಯ ಪ್ರಮಾಣ ಲಕ್ಷಕ್ಕೆ 255 ಎಂದು ತಿಳಿದುಬಂತು. ಸಾಮಾನ್ಯ ಮೂರ್ಛೆರೋಗಿಗಳಿಗೆ ಫೀನೋಬಾರ್ಬಿಟೋನ್ ಮತ್ತು ಫಿನಿಟಾಯಿನ್ ಎಂಬ ಎರಡೇ ಹಳೆಯ, ಅಗ್ಗದ ಔಷಧಿಗಳನ್ನು ಕೊಟ್ಟು ಐದು ವರ್ಷ ಬೆನ್ನುಹತ್ತಿ ನೋಡಿದರು. ಹಳ್ಳಿಯಲ್ಲೇ, ಕಡಿಮೆ ಖರ್ಚಿನಲ್ಲಿ ಮೂರ್ಛೆಯನ್ನು ಹತೋಟಿಗೆ ತರಬಹುದೆಂಬ ಈ ಅಧ್ಯಯನ 2001ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬೆಳಕು ಕಂಡಿತು. ದೊಡ್ಡ ಯಂತ್ರಗಳ ಸಂಶೋಧನೆಗೆ ಸಿಗುವ ಪ್ರಚಾರ ಇಂಥ ಕಾಲ್ನಡಿಗೆಯ ಸಂಶೋಧನೆಗೆ ಸಿಗುವುದಿಲ್ಲ. ನಮ್ಮ ಮಾಧ್ಯಮದ ತಪ್ಪೂ ಅದರಲ್ಲಿದೆ.

ಕಾಯಿಲೆಗಿಂತ ಗಟ್ಟಿಯಾದದ್ದು ಅದಕ್ಕೆ ಅಂಟಿದ ಹೆಸರು. 1955ರ ಹಿಂದೂ ವಿವಾಹ ಕಾಯ್ದೆಯ 5ನೇ ಕಲಮಿನಲ್ಲಿ, ಮತ್ತೆಮತ್ತೆ ಬರುವ ಹುಚ್ಚಿನ ಜೊತೆಗೆ ಮೂರ್ಛೆರೋಗವನ್ನೂ ಸೇರಿಸಿ, ಅಂಥವರು ಮದುವೆಗೆ ಅರ್ಹರಲ್ಲ ಎಂಬ ಅರ್ಥದ ಮಾತಿತ್ತು. ವೈದ್ಯರೂ ರೋಗಿಗಳ ಸಂಘಟನೆಗಳೂ ಬಹುಕಾಲ ಒತ್ತಾಯಿಸಿದ ಮೇಲೆ 1999ರ ತಿದ್ದುಪಡಿಯಲ್ಲಿ ಆ ಪದವನ್ನು ತೆಗೆದುಹಾಕಲಾಯಿತು. ಕಾನೂನಿನ ಪುಸ್ತಕದಿಂದ ಹೋದದ್ದು ಹೆಣ್ಣು ನೋಡಲು ಬಂದವರ ತಲೆಯಿಂದ ಹೋಗಲು ಇನ್ನೂ ಕಾಲ ಹಿಡಿಯಿತು. ನಮ್ಮ ಅತ್ತೆಯ ಮಗನಿಗೆ ಹನ್ನೆರಡು ವರ್ಷದಿಂದೀಚೆಗೆ ಒಮ್ಮೆಯೂ ಮೂರ್ಛೆ ಬಂದಿಲ್ಲ. ಆದರೂ ಅವನ ಎರಡು ಸಂಬಂಧಗಳು ಮುರಿದುಬಿದ್ದದ್ದು ಇಪ್ಪತ್ತಾರನೆಯ ವಯಸ್ಸಿನಲ್ಲಿ. ಮೂರನೆಯ ಮನೆಯವರಿಗೆ ಅತ್ತೆಯೇ ಎಲ್ಲವನ್ನೂ ಮೊದಲೇ ಹೇಳಿಬಿಟ್ಟರು. ಹುಡುಗಿ ಮಂಡ್ಯದಲ್ಲಿ ನರ್ಸಿಂಗ್ ಓದಿದ್ದವಳು. “ಅದಕ್ಕೇನಂತೆ, ತಣ್ಣೀರು ಬೆರೆಸ್ಕೊಂಡ್ರಾಯ್ತು” ಎಂದಳಂತೆ. ಅವಳೀಗ ನಮಗೆಲ್ಲ ಅತ್ತಿಗೆ.

ಕೆಲ ಕಾಲದ ಹಿಂದೆ ಮಕ್ಕಳ ಆರೋಗ್ಯದ ಕಾರ್ಯಕ್ರಮವೊಂದಕ್ಕೆ ಚಿತ್ರೀಕರಣ ಮಾಡಲು ಮಳವಳ್ಳಿ ತಾಲ್ಲೂಕಿನ ಹಳ್ಳಿಗೆ ಹೋಗಿದ್ದೆವು. ಬಚ್ಚಲಿನ ಹಬೆಗೆ ಕ್ಯಾಮರಾದ ಕಣ್ಣು ಮಸುಕಾಗಿ, ಮೂರು ಸಲ ಒರೆಸಿ ತೆಗೆಯಬೇಕಾಯಿತು. ಏಳು ವರ್ಷದ ಮಗುವಿಗೆ ಈ ಕಾಯಿಲೆಯೆಂದು ಆರೋಗ್ಯ ಕೇಂದ್ರದಲ್ಲಿ ಗುರುತಿಸಿದ್ದರು. ಥರ್ಮಾಮೀಟರ್ ಇಲ್ಲದೆ ನೀರಿನ ಹದ ಹೇಗೆ ನೋಡುತ್ತೀರಿ ಎಂದು ಅವರ ಅಜ್ಜಿಯನ್ನು ಕೇಳಿದೆ. ಆಕೆ ಸೀರೆಯ ಸೆರಗು ಸಿಕ್ಕಿಸಿಕೊಂಡು, ಬಕೆಟ್ಟಿಗೆ ಮೊಣಕೈ ಅದ್ದಿ ತೋರಿಸಿದರು.

“ಕೈಗೆ ನಂಬ್ಕೆ ಇಲ್ಲ ಸಾ, ನಾಟಿ ಮಾಡಿ ಮಾಡಿ ದಪ್ಪಾಗೋಗದೆ. ಮೊಳ್ಕೈಗೆ ಬಿಸಿ ಅನ್ನಿಸ್ಬಾರ್ದು, ತಣ್ಗೂ ಅನ್ನಿಸ್ಬಾರ್ದು. ಮೊದ್ಲು ಕಾಲಿಗೆ ಉಯ್ತೀನಿ, ಆಮೇಕೆ ಬೆನ್ನಿಗೆ. ತಲೆಗೆ ಕೊನೇಗೆ, ಒಂದೊಂದೇ ಚೊಂಬು. ಮಧ್ಯೆ ಮಗ್ಗಿ ಹೇಳುಸ್ತೀನಿ. ಮಗ್ಗಿ ತಪ್ಪುದ್ರೆ ನಿಲ್ಲುಸ್ಬುಡ್ತೀನಿ.”

ಆ ದಿನ ಹುಡುಗ ಏಳರ ಮಗ್ಗಿಯನ್ನು ಎಪ್ಪತ್ತರವರೆಗೂ ಹೇಳಿದ.